ಪತ್ತನಾಜೆ ಕಳೆಯಿತು, ಗೆಜ್ಜೆ ಬಿಚ್ಚಿ ಆಯ್ತು, ರಾತ್ರಿ ನಿದ್ರೆ ಮಾತ್ರ ಬರುತ್ತಿಲ್ಲ. ನೀವೆಲ್ಲ ಮಳೆಗಾಲಕ್ಕೆ ಹೇಗೆ ಹೊಂದಿಕೊಳ್ಳುತ್ತೀರಿ?

ಪುಂಡುವೇಷ ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಾನು ಯಕ್ಷಗಾನದ ತೆಂಕುತಿಟ್ಟಿನ (ದಕ್ಷಿಣದ ಶೈಲಿಯ) ಮೇಳವೊಂದರಲ್ಲಿ ಪುಂಡುವೇಷ, ಅಂದರೆ ಕುಣಿತ ಹೆಚ್ಚಿರುವ ತರುಣ ವೀರರ ಪಾತ್ರ, ಮಾಡುತ್ತೇನೆ. ಇಲ್ಲಿ ಯಕ್ಷಗಾನದವರು, ಅವರ ಮನೆಯವರು ಸುಮಾರು ಜನ ಇದ್ದೀರಿ ಅಂತ ಗೊತ್ತು. ಹಾಗಾಗಿ ಕೇಳುತ್ತಿದ್ದೇನೆ.

ದೀಪಾವಳಿ ಕಳೆದು ಊರೂರಿಗೆ ಆಟ ಆಡಲಿಕ್ಕೆ ಹೊರಟ ಮೇಳದ ತಿರುಗಾಟ ಪತ್ತನಾಜೆಗೆ ಮುಗಿಯಿತು. ಘಟ್ಟದ ಮೇಲಿನವರಿಗೆ ಗೊತ್ತಿರಲಿಕ್ಕಿಲ್ಲ, ಪತ್ತನಾಜೆ ಅಂದರೆ ತುಳುವರ ಬೇಶ ತಿಂಗಳ ಹತ್ತನೇ ದಿನ, ಮೇ 24 ಅಥವಾ 25ಕ್ಕೆ ಬರುತ್ತದೆ. ಆವತ್ತಿಗೆ ದೈವಗಳ ಕೋಲ, ನೇಮ, ಜಾತ್ರೆ, ಯಕ್ಷಗಾನದ ಆಟ ಎಲ್ಲ ನಿಲ್ಲುತ್ತದೆ. ನಾವು ದೇವರ ಎದುರು ಗೆಜ್ಜೆ ಬಿಚ್ಚಿ ಮನೆಗೆ ಬರುತ್ತೇವೆ. ಮತ್ತೆ ಕಟ್ಟುವುದು ದೀಪಾವಳಿ ಕಳೆದ ಮೇಲೆ.

ಮನೆಗೆ ಬಂದದ್ದೇನೋ ಆಯ್ತು. ಮೈ ಮಾತ್ರ ಇನ್ನೂ ವೇಷ ಕಟ್ಟುವ ಚೌಕಿಯಲ್ಲೇ ಉಂಟು. ರಾತ್ರಿ ಹತ್ತಕ್ಕೆ ಮನೆಯವರ ಜೊತೆಗೇ ಮಲಗುತ್ತೇನೆ. ಒಂದೋ ನಿದ್ರೆ ಬರುವುದೇ ಇಲ್ಲ, ಬಂದರೂ ಎರಡು ಗಂಟೆಗೆ ತಟ್ಟನೆ ಎಚ್ಚರ. ನಮ್ಮಲ್ಲಿ ಅದು ಚೆಂಡೆ ಏರುವ ಹೊತ್ತು, ನಾನು ರಂಗಸ್ಥಳದಲ್ಲಿ ಇರುವ ಹೊತ್ತು. ಆಮೇಲೆ ಬೆಳಗಾಗುವವರೆಗೆ ಸುಮ್ನೆ ಮನೆಯ ಮಾಡು (ಸೂರು) ನೋಡುತ್ತಾ ಮಲಗಿರುವುದು. ಬೆಳಿಗ್ಗೆ ಏಳಕ್ಕೆ, ಮನೆಯವರೆಲ್ಲ ಎದ್ದು ಓಡಾಡುವಾಗ, ನನಗೆ ಕಣ್ಣು ಎಳೆಯುತ್ತದೆ.

ಮೈಕೈ ವಿಷಯ ಹೇಳುವುದಾದರೆ, ಗೆಜ್ಜೆ ಕಟ್ಟುವ ಜಾಗದಲ್ಲಿ ಚರ್ಮ ಕಪ್ಪಾಗಿ ದಪ್ಪ ಆಗಿದೆ, ಸೊಂಟದಲ್ಲಿ ಕಟ್ಟಿನ ಗುರುತು ಇನ್ನೂ ಹೋಗಿಲ್ಲ. ಅದರ ಚಿಂತೆ ಇಲ್ಲ. ದಿಗಿಣ (ಹಾರಿ ತಿರುಗುವ ಕುಣಿತ) ಹಾಕಿ ಹಾಕಿ ಬಲ ಮೊಣಕಾಲು ನೋಯುತ್ತಿದೆ. ತಿರುಗಾಟದಲ್ಲಿ ಇರುವಾಗ ಅಷ್ಟು ಗೊತ್ತಾಗುತ್ತಿರಲಿಲ್ಲ. ಈಗ ಕೂತರೆ ಏಳುವಾಗ ಗೊತ್ತಾಗುತ್ತದೆ.

ಇನ್ನು ಬಾಕಿ ಉಳಿದ ಕೆಲಸಗಳು. ಮಾಡಿನ ಹೆಂಚು ಒಡೆದಿದೆ. ಅಮ್ಮನ ಕಣ್ಣು ತೋರಿಸಬೇಕು. ಮಗಳಿಗೆ ಶಾಲೆ ಶುರುವಾಗುತ್ತದೆ. ಬ್ಯಾಂಕಿನವರು ಕೆವೈಸಿ ಕೊಡಿ ಅಂತ ಮೆಸೇಜ್ ಮೇಲೆ ಮೆಸೇಜ್ ಕಳಿಸಿದ್ದಾರೆ. ಹೋಗಲಾಗದ ಮದುವೆ, ಗೃಹಪ್ರವೇಶ, ಬೊಜ್ಜ (ಉತ್ತರಕ್ರಿಯೆ) ಎಷ್ಟಾಯಿತೋ, ಆ ಎಲ್ಲ ಮನೆಗಳಿಗೂ ಒಮ್ಮೆ ಹೋಗಿ ಮುಖ ತೋರಿಸಬೇಕು. ಇದರ ನಡುವೆ ಮಳೆಗಾಲದಲ್ಲಿ ಮನೆಮನೆಗೆ ಹೋಗಿ ಆಡುವ ಚಿಕ್ಕಮೇಳಕ್ಕೆ ಬರುತ್ತೀರಾ ಅಂತ ಆಗಲೇ ಎರಡು ಕಡೆಯಿಂದ ಫೋನು.

ಎಲ್ಲವನ್ನೂ ಈ ವಾರವೇ ಮುಗಿಸಿಬಿಡುವ ಅಂತ ಒಂದು ಮನಸ್ಸು. ಏನೂ ಬೇಡ, ಹದಿನೈದು ದಿನ ಸುಮ್ಮನೆ ಬಿದ್ದಿರುವ ಅಂತ ಇನ್ನೊಂದು ಮನಸ್ಸು. ಅನುಭವ ಇದ್ದವರು ಹೇಳಿ, ನೀವು ಯಾವುದನ್ನು ಮೊದಲು ಮಾಡುತ್ತೀರಿ, ಯಾವುದನ್ನು ಬಿಡುತ್ತೀರಿ?


ಹಳೇಚೌಕಿ ಬರೆದದ್ದು:

ನಾನು ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಮಾಡುತ್ತಿದ್ದವನು. ಈಗ ಮೇಳ ಬಿಟ್ಟಿದ್ದೇನೆ, ಆಟ ನೋಡುವುದು ಬಿಟ್ಟಿಲ್ಲ. ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಇದನ್ನು ಯಾರೂ ಬಾಯಿ ಬಿಟ್ಟು ಕೇಳುವುದಿಲ್ಲ. ಕುಣಿತ ಕಲಿಸುವವರಿದ್ದಾರೆ, ಅರ್ಥಗಾರಿಕೆ (ಪಾತ್ರದ ಮಾತು) ತಿದ್ದುವವರಿದ್ದಾರೆ. ತಿರುಗಾಟ ಮುಗಿಸಿ ಮನೆಗೆ ಬಂದವನು ಏನು ಮಾಡಬೇಕು ಅಂತ ಹೇಳಿಕೊಡುವವರು ಇಲ್ಲ.

ಮೊದಲು ಒಂದು ಮಾತು. ಓಡುವ ಬಸ್ಸಿನಿಂದ ಇಳಿಯುವವನು ನಾಲ್ಕು ಹೆಜ್ಜೆ ಬಸ್ಸಿನ ಜೊತೆಗೇ ಓಡಬೇಕು, ಅಲ್ಲೇ ನಿಂತರೆ ಮುಗ್ಗರಿಸುತ್ತಾನೆ. ಹಾಗಾಗಿ ಹದಿನೈದು ದಿನ ಬಿದ್ದಿರುವುದು ಬೇಡ. ವಾರದಲ್ಲಿ ಎಲ್ಲ ಮುಗಿಸುವುದೂ ಬೇಡ.

ನಿಮಗೆ ಈಗ ಗಡುವು ಇರುವ ಕೆಲಸ ಒಂದೇ, ಅದು ಮಾಡಿನ ಹೆಂಚಿನದ್ದು. ಪತ್ತನಾಜೆಗೆ ಹತ್ತು ಹನಿ ಮಳೆ ಅಂತ ಹಿರಿಯರು ಹೇಳುತ್ತಿದ್ದರು. ಅದಾಗಿ ಜೂನ್ ಮೊದಲ ವಾರ ಕಳೆಯುವಷ್ಟರಲ್ಲಿ ನಮ್ಮ ಕರಾವಳಿಗೆ ಮಳೆ ಹಿಡಿಯುತ್ತದೆ. ನಡುವೆ ಇರುವುದು ಹತ್ತು ಹನ್ನೆರಡು ದಿನ. ಅದರಲ್ಲಿ ಒಡೆದ ಹೆಂಚು ಬದಲಾಯಿಸಿ, ತೋಡಿನ ಕಸ ತೆಗೆಸಿ, ಕಟ್ಟಿಗೆ ಒಳಗೆ ಹಾಕಿ. ಸಾಕು. ಬ್ಯಾಂಕಿನದ್ದು ಒಂದು ಬೆಳಗ್ಗಿನ ಕೆಲಸ, ಅಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವ ದಿನವೇ ಅದನ್ನೂ ಮುಗಿಸಿ. ನೆಂಟರ ಮನೆಗೆ ಮಳೆ ಬಂದ ಮೇಲೆ ಹೋದರಾಯಿತು. ಆಟಿ ತಿಂಗಳಿಡೀ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಯಾರ ಮನೆಯಲ್ಲೂ ಮದುವೆ ಮುಂಜಿ ಇರುವುದಿಲ್ಲ, ಎಲ್ಲರೂ ಮನೆಯಲ್ಲೇ ಇರುತ್ತಾರೆ. ಕೂತು ಮಾತಾಡಲಿಕ್ಕೆ ಅದೇ ಒಳ್ಳೆಯ ಸಮಯ. ಈಗ ಹೋದರೆ ಅವರೂ ಹೆಂಚು, ಕಟ್ಟಿಗೆ ಅಂತ ಗಡಿಬಿಡಿಯಲ್ಲಿ ಇರುತ್ತಾರೆ, ನೀವೂ ಕುರ್ಚಿಯ ತುದಿಯಲ್ಲಿ ಕೂತು ಎದ್ದು ಬರುತ್ತೀರಿ.

ಇನ್ನು ನಿದ್ರೆ. ನಮ್ಮ ಹಿಂದಿನ ತಲೆಮಾರಿನವರಿಗೆ ಈ ತೊಂದರೆ ಇಷ್ಟು ಇದ್ದಂತೆ ಕಾಣುವುದಿಲ್ಲ. ಅವರು ಸುಖಪುರುಷರಾಗಿದ್ದರು ಅಂತ ಅಲ್ಲ. ವೇಷದ ಪೆಟ್ಟಿಗೆ ತಲೆಯ ಮೇಲೆ ಹೊರಿಸಿಕೊಂಡು ಊರಿಂದ ಊರಿಗೆ ನಡೆದೇ ಹೋಗುತ್ತಿದ್ದರು, ಬಿಡಾರದಲ್ಲಿ ಸಿಕ್ಕಿದ ಕಡೆ ಚಾಪೆ ಹಾಸಿ ಮಲಗುತ್ತಿದ್ದರು. ಆದರೆ ಪತ್ತನಾಜೆ ಕಳೆದು ಮನೆಗೆ ಬಂದರೆ ಗದ್ದೆ ಕಾಯುತ್ತಿತ್ತು. ಏಣೆಲು ಅಂದರೆ ಮಳೆಗಾಲದ ಭತ್ತದ ಬೆಳೆಗೆ ಉಳಬೇಕು, ನೇಜಿ (ಭತ್ತದ ಸಸಿ) ಕೀಳಬೇಕು, ನೆಡಬೇಕು. ಬೆಳಿಗ್ಗೆ ಆರಕ್ಕೆ ಕೆಸರಿಗೆ ಇಳಿದವನು ರಾತ್ರಿ ಎಂಟಕ್ಕೆ ಉಂಡರೆ ಮಲಗಿದಲ್ಲೇ ನಿದ್ರೆ. ಕೆಲಸ ನಿಲ್ಲುತ್ತಿರಲಿಲ್ಲ, ಕೆಲಸದ ಹೊತ್ತು ಬದಲಾಗುತ್ತಿತ್ತು. ಈಗ ಗದ್ದೆ ಇರುವವರು ಕಡಿಮೆ. ಮನೆಗೆ ಬಂದವನು ಮೊಬೈಲು ಹಿಡಿದು ಮಲಗುತ್ತಾನೆ, ಮತ್ತೆ ನಿದ್ರೆ ಎಲ್ಲಿಂದ ಬರಬೇಕು?

ಗದ್ದೆ ಇಲ್ಲದಿದ್ದರೆ ತೋಟ, ತೋಟ ಇಲ್ಲದಿದ್ದರೆ ಅಂಗಳ. ಬೆಳಿಗ್ಗೆ ಎದ್ದು ಹೊರಗೆ ಹೋಗಿ ಏನಾದರೂ ಮಾಡಿ. ಎಷ್ಟೇ ಕಣ್ಣು ಎಳೆದರೂ ಏಳಕ್ಕೆ ಮಲಗಬೇಡಿ.

ತೆಂಗಿನೆಣ್ಣೆ ಹಚ್ಚಿ ಬಿಸಿನೀರಿನ ಸ್ನಾನ ವಾರಕ್ಕೆರಡು ಸಲ ಆಗಲಿ. ಬಣ್ಣ ತೆಗೆಯಲಿಕ್ಕೆ ದಿನಾ ಮುಖಕ್ಕೆ ಎಣ್ಣೆ ಹಾಕಿದ್ದೀರಿ, ಈಗ ಕಾಲಿಗೂ ಹಾಕಿ.


ಮದ್ದಳೆಮನೆ ಬರೆದದ್ದು:

ನನ್ನ ಯಜಮಾನರು ಮದ್ದಳೆ ಬಾರಿಸುತ್ತಾರೆ. ನಿಮ್ಮನ್ನು ತಮ್ಮನ ಹಾಗೆ ತಿಳಿದು ಮನೆಯ ಕಡೆಯಿಂದ ನಾಲ್ಕು ಮಾತು ಹೇಳುತ್ತೇನೆ. ಹಿರಿಯರು ಹೇಳಿದ್ದೆಲ್ಲ ಸರಿಯೇ, ಆದರೆ ಮನೆಯಲ್ಲಿ ಇರುವವರ ಬಗ್ಗೆ ಅವರು ಬರೆಯಲಿಲ್ಲ.

ಮೇಳದವರ ಮನೆಯಲ್ಲಿ ಆರು ತಿಂಗಳು ಹೇಗಿರುತ್ತದೆ ಅಂದರೆ, ಮಕ್ಕಳು ಶಾಲೆಯಿಂದ ಬಂದು ಚೀಲ ಇಡುವ ಹೊತ್ತಿಗೆ ಅಪ್ಪ ಬೈಕ್ ತೆಗೆಯುತ್ತಾರೆ. ಅಪ್ಪ ಬಂದು ಮಲಗುವ ಹೊತ್ತಿಗೆ ಮಕ್ಕಳು ಶಾಲೆಗೆ ಹೊರಡುತ್ತಾರೆ. ಅಂಗಳದಲ್ಲಿ ಎದುರಾದರೆ ಆಯ್ತು. ಹಗಲು ಮನೆಯಲ್ಲಿ ಗಲಾಟೆ ಮಾಡಬಾರದು, ಅಪ್ಪ ಮಲಗಿದ್ದಾರೆ. ಟಿವಿ ಸಣ್ಣ ಸ್ವರದಲ್ಲಿ. ಮಿಕ್ಸಿ ಹಾಕುವುದಾದರೆ ಅವರು ಬರುವ ಮೊದಲೇ ಹಾಕಿ ಆಗಬೇಕು. ಮಕ್ಕಳು ಇದಕ್ಕೆ ಹೊಂದಿಕೊಂಡಿರುತ್ತಾರೆ, ನಾವೂ ಹೊಂದಿಕೊಂಡಿರುತ್ತೇವೆ. ಹಾಲಿನವರ ಲೆಕ್ಕ, ಗ್ಯಾಸ್, ಪಂಚಾಯತಿನ ಕೆಲಸ, ಮಕ್ಕಳ ಜ್ವರ ಎಲ್ಲ ಒಬ್ಬಳೇ ನೋಡಿಕೊಂಡು ಒಂದು ಕ್ರಮ ಮಾಡಿಕೊಂಡಿರುತ್ತೇನೆ.

ಪತ್ತನಾಜೆಯ ಮರುದಿನ ಅವರು ಬಂದು, ಇದು ಇಲ್ಲಿ ಯಾಕೆ ಇಟ್ಟದ್ದು, ಇದಕ್ಕೆ ಇಷ್ಟು ಯಾಕೆ ಕೊಟ್ಟದ್ದು ಅಂತ ಕೇಳಿದರೆ ಮನಸ್ಸಿಗೆ ತುಂಬಾ ನೋವಾಗುತ್ತದೆ. ಅವರು ಒಳ್ಳೆಯದಕ್ಕೇ ಕೇಳುವುದು, ಮನೆಯ ಭಾರ ಹೊರಬೇಕು ಅಂತ ಇರುತ್ತದೆ. ಆದರೆ ಒಂದು ವಾರ ಸುಮ್ಮನೆ ನೋಡಿ. ಮನೆ ಈಗ ಹೇಗೆ ನಡೆಯುತ್ತಿದೆ ಅಂತ ನೋಡಿ. ಆಮೇಲೆ ನಿಮ್ಮ ಹೆಂಡತಿಯನ್ನೇ ಕೇಳಿ, ಇದರಲ್ಲಿ ಯಾವುದನ್ನು ನಾನು ಹಿಡಿದುಕೊಳ್ಳಲಿ ಅಂತ. ಅವರು ಹೇಳಿದ ಒಂದೋ ಎರಡೋ ಕೆಲಸವನ್ನು ಮುಂದಿನ ದೀಪಾವಳಿವರೆಗೆ ಪೂರ್ತಿ ನಿಮ್ಮದು ಮಾಡಿಕೊಳ್ಳಿ. ನಮ್ಮಲ್ಲಿ ಅದು ಮಗನನ್ನು ಎಬ್ಬಿಸಿ ತಿಂಡಿ ಕೊಟ್ಟು ಶಾಲೆಗೆ ಬಿಡುವ ಕೆಲಸ. ಶುರುವಿನಲ್ಲಿ ದೋಸೆ ಎಲ್ಲ ಹರಿದೇ ಬರುತ್ತಿತ್ತು. ಈಗ ಮಗ ಮಳೆಗಾಲ ಯಾವಾಗ ಅಂತ ಕೇಳುತ್ತಾನೆ.

ನಿಮ್ಮ ಮಗಳ ಶಾಲೆ ಶುರುವಾಗುತ್ತದೆ ಅಂತ ಬರೆದಿದ್ದೀರಿ. ಅದನ್ನು ಬಾಕಿ ಕೆಲಸದ ಪಟ್ಟಿಯಲ್ಲಿ ಹಾಕಬೇಡಿ. ಜೂನ್ ತಿಂಗಳ ಕೊಡೆ, ಹೊಸ ಚೀಲ, ಪುಸ್ತಕಕ್ಕೆ ಬೈಂಡ್ ಹಾಕುವುದು ಎಲ್ಲ ನೀವೇ ಕೂತು ಮಾಡಿ. ಆರು ತಿಂಗಳದ್ದು ಒಂದೇ ದಿನ ಕೊಟ್ಟು ಮುಗಿಸುವ ಅಂತ ಪೇಟೆಗೆ ಕರೆದುಕೊಂಡು ಹೋಗಿ ಐಸ್‌ಕ್ರೀಂ, ಆಟದ ಸಾಮಾನು ಅಂತ ತೆಗೆಸಿಕೊಡುವವರಿದ್ದಾರೆ. ಮಕ್ಕಳಿಗೆ ಅದೂ ಇಷ್ಟವೇ. ಆದರೆ ದಿನಾ ಸಂಜೆ ಅಪ್ಪ ಮನೆಯಲ್ಲೇ ಇರುತ್ತಾರೆ ಅಂತ ಗಟ್ಟಿಯಾಗಲಿಕ್ಕೆ ಅವರಿಗೂ ಸ್ವಲ್ಪ ದಿನ ಬೇಕು.

ಇನ್ನೊಂದು ಮಾತು. ಉಡುಪಿಯ ಯಕ್ಷಗಾನ ಕಲಾರಂಗ, 1975ರಲ್ಲಿ ಶುರುವಾದದ್ದು, ವೃತ್ತಿ ಕಲಾವಿದರಿಗಾಗಿಯೇ ಯಕ್ಷನಿಧಿ ಅಂತ ಕ್ಷೇಮನಿಧಿ ನಡೆಸುತ್ತಿದೆ. ಓದುವ ಮಕ್ಕಳಿಗೆ ವಿದ್ಯಾಪೋಷಕ್ ಅಂತ ಸಹಾಯಧನ ಬೇರೆ ಉಂಟು. ನೀವು ಇನ್ನೂ ಸೇರಿಲ್ಲದಿದ್ದರೆ ಈ ಬಿಡುವಿನಲ್ಲೇ ಹೋಗಿ ವಿಚಾರಿಸಿ. ತಿರುಗಾಟದಲ್ಲಿ ಇರುವಾಗ ಇಂಥದ್ದಕ್ಕೆ ಹೊತ್ತೇ ಸಿಗುವುದಿಲ್ಲ.


ಬಡಗಿನವ ಬರೆದದ್ದು:

ಎಲ್ಲ ಸರಿ ಮಾರಾಯ್ರೆ, ಆದರೆ ದುಡ್ಡಿನ ಮಾತು ಯಾರೂ ಎತ್ತಲಿಲ್ಲವಲ್ಲ. ನಾನು ಕುಂದಾಪುರದ ಕಡೆಯವ, ಬಡಗುತಿಟ್ಟು, ಅಂದರೆ ಯಕ್ಷಗಾನದ ಉತ್ತರದ ಶೈಲಿ. ನಮ್ಮಲ್ಲಿ ಹೆಚ್ಚಿನವರಿಗೆ ಸಂಬಳ ಇರುವುದು ತಿರುಗಾಟದ ತಿಂಗಳುಗಳಿಗೆ ಮಾತ್ರ. ಗೆಜ್ಜೆ ಬಿಚ್ಚಿದ ದಿನವೇ ಸಂಬಳವೂ ನಿಂತಿತು. ಮುಂದಿನ ವರ್ಷದ ಮುಂಗಡವನ್ನು ಮಳೆಗಾಲದಲ್ಲಿ ತಂದು ಖರ್ಚು ಮಾಡಿ, ದೀಪಾವಳಿಗೆ ಸಾಲ ಹೊತ್ತುಕೊಂಡೇ ಹೊರಡುವವರು ಎಷ್ಟು ಜನ ಇಲ್ಲ? ಅಂಥವರಿಗೆ ನಿಧಾನ ಮಾಡಿ, ಬೆಳಿಗ್ಗೆ ಅಂಗಳದಲ್ಲಿ ನಿಲ್ಲಿ ಅಂದರೆ ಹೇಗೆ?

ನಾನು ಹೇಳುವುದು ಇಷ್ಟೇ, ಚಿಕ್ಕಮೇಳಕ್ಕೆ ಹೋಗಿ. ಅದರಿಂದ ನಿದ್ರೆ ಕೆಡುವುದಿಲ್ಲ, ಸರಿಯೇ ಆಗುತ್ತದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಶುರು, ರಾತ್ರಿ ಹತ್ತು ಹತ್ತೂವರೆಗೆ ಮುಗಿಯಿತು. ಎರಡು ವೇಷ, ಒಬ್ಬ ಭಾಗವತ, ಒಂದು ಮದ್ದಳೆ. ಒಂದು ಮನೆಯಲ್ಲಿ ಹತ್ತು ಹದಿನೈದು ನಿಮಿಷ. ಚಾವಡಿಯಲ್ಲಿ ದೊಡ್ಡ ದಿಗಿಣಕ್ಕೆ ಜಾಗವೂ ಇಲ್ಲ, ಕಾಲಿಗೆ ಪೆಟ್ಟೂ ಇಲ್ಲ. ಮನೆಯವರು ದೀಪ, ಅಕ್ಕಿ, ತೆಂಗಿನಕಾಯಿ ಇಟ್ಟು ಕಾಯುತ್ತಿರುತ್ತಾರೆ. ಬಯಲಾಟದಲ್ಲಿ ನಮ್ಮನ್ನು ದೂರದಿಂದ ನೋಡುವ ಅಜ್ಜಿಯಂದಿರು ಅಲ್ಲಿ ಎರಡು ಮಾರು ದೂರದಲ್ಲಿ ಕೂತು ನೋಡುತ್ತಾರೆ. ಹಾಸಿಗೆ ಹಿಡಿದವರು ಮಲಗಿದಲ್ಲಿಂದಲೇ ಕೈ ಮುಗಿಯುತ್ತಾರೆ. ಅದನ್ನು ಒಮ್ಮೆ ನೋಡಿದವನು ಚಿಕ್ಕಮೇಳವನ್ನು ಸಣ್ಣದು ಅನ್ನುವುದಿಲ್ಲ.

ಬೇಡ ಅನ್ನುವುದು ಯಾವುದಕ್ಕೆ ಅಂದರೆ, ಮಳೆಗಾಲದಲ್ಲಿ ಬೆಂಗಳೂರು, ಮುಂಬಯಿ ಅಂತ ವಾರಕ್ಕೆರಡು ಸಲ ರಾತ್ರಿ ಬಸ್ಸಿನಲ್ಲಿ ಹೋಗಿ ಆಟ ಮುಗಿಸಿ ಮತ್ತೆ ರಾತ್ರಿ ಬಸ್ಸಿನಲ್ಲೇ ಬರುವುದು. ಸಂಭಾವನೆ ಒಳ್ಳೆಯದೇ ಸಿಗುತ್ತದೆ. ಮೈ ಮಾತ್ರ ತಿರುಗಾಟ ಇನ್ನೂ ಮುಗಿದಿಲ್ಲ ಅಂತಲೇ ತಿಳಿದುಕೊಳ್ಳುತ್ತದೆ. ಸಣ್ಣ ಪ್ರಾಯದಲ್ಲಿ ಎಲ್ಲ ಒಪ್ಪಿಕೊಂಡು, ನಲವತ್ತಕ್ಕೇ ಕಾಲು ಕೈಕೊಟ್ಟು ಮೇಳ ಬಿಟ್ಟವರನ್ನು ನಮ್ಮ ಕಡೆ ನೋಡಿದ್ದೇನೆ. ನಮ್ಮಲ್ಲಿ ಮೊಣಕಾಲೂರಿ ತಿರುಗುವ ಮಂಡಿ ಕುಣಿತ ಬೇರೆ ಉಂಟು ನೋಡಿ. ಆಯ್ಕೆ ಮಾಡಿ ನಾಲ್ಕು ಒಪ್ಪಿಕೊಳ್ಳಿ, ಬಂದದ್ದೆಲ್ಲ ಬೇಡ.


ಹಳೇಚೌಕಿ ಬರೆದದ್ದು:

ಬಡಗಿನವರು ಹೇಳಿದ್ದು ಒಪ್ಪುವ ಮಾತು. ಚಿಕ್ಕಮೇಳ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಮೊದಲ ಹದಿನೈದು ದಿನ ಬಿಟ್ಟು ಹೋಗಲಿ. ಕೈಯಲ್ಲಿ ಅಷ್ಟು ದಿನಕ್ಕೆ ಆಗುವಷ್ಟು ಇದ್ದರೆ ಮಾತ್ರ ಈ ಮಾತು. ಇಲ್ಲದಿದ್ದರೆ ಹೊಟ್ಟೆಪಾಡು ಮೊದಲು, ಅದರಲ್ಲಿ ಚರ್ಚೆ ಇಲ್ಲ.


ರಾತ್ರಿಪಾಳಿ ಬರೆದದ್ದು:

ನಾನು ಯಕ್ಷಗಾನದವಳಲ್ಲ, ಆಟ ನೋಡುವವಳು. ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ನಮಗೂ ರಾತ್ರಿ ಪಾಳಿ, ಹಗಲು ಪಾಳಿ ಬದಲಾಗುತ್ತಲೇ ಇರುತ್ತದೆ, ಹಾಗಾಗಿ ಅಣ್ಣ ಹೇಳಿದ ಎರಡು ಗಂಟೆಯ ಎಚ್ಚರ ಚೆನ್ನಾಗಿಯೇ ಅರ್ಥವಾಗುತ್ತದೆ.

ನಮ್ಮ ಮೈಯ ಒಳಗೆ ಒಂದು ಗಡಿಯಾರ ಇರುವುದು ನಿಜ. ಅದು ಜೀವಕೋಶದೊಳಗೆ ಹೇಗೆ ನಡೆಯುತ್ತದೆ ಅಂತ ಕಂಡುಹಿಡಿದವರಿಗೇ 2017ರ ವೈದ್ಯಕೀಯ ನೊಬೆಲ್ ಕೊಟ್ಟದ್ದು. ಆ ಗಡಿಯಾರವನ್ನು ತಿರುಗಿಸುವ ದೊಡ್ಡ ಸಂಗತಿ ಬೆಳಕು. ಕಣ್ಣಿಗೆ ಬೆಳಗಿನ ಬೆಳಕು ಬಿದ್ದರೆ ರಾತ್ರಿಯ ನಿದ್ರೆ ಬೇಗ ಬರುವ ಹಾಗೆ ಅದು ಹಿಂದಕ್ಕೆ ಸರಿಯುತ್ತದೆ. ಆದರೆ ಒಂದೇ ಸಲಕ್ಕೆ ಸರಿಯುವುದಿಲ್ಲ, ಹೆಚ್ಚು ಕಡಿಮೆ ದಿನಕ್ಕೊಂದು ಗಂಟೆ. ಗದ್ದೆಗೆ ಇಳಿಯುತ್ತಿದ್ದ ಹಿಂದಿನ ಕಲಾವಿದರ ಬಗ್ಗೆ ಹಿರಿಯರು ಬರೆದರಲ್ಲ, ಅದು ಓದಿ ನನಗೆ ರೋಮಾಂಚನವಾಯಿತು. ಡಾಕ್ಟರರು ಈಗ ಏನು ಹೇಳುತ್ತಾರೋ ಅವರು ಅದನ್ನೇ ಮಾಡುತ್ತಿದ್ದರು, ಮುಂಜಾನೆಯ ಬಯಲ ಬೆಳಕಿನಲ್ಲಿ ಮೈಮುರಿಯುವ ಕೆಲಸ.

ಹಾಗಾಗಿ ಅಣ್ಣಾ, ರಾತ್ರಿ ಹತ್ತಕ್ಕೇ ಹಾಸಿಗೆಗೆ ಹೋಗಿ ಹೊರಳಾಡಬೇಡಿ. ಈಗ ತಾನಾಗಿ ನಿದ್ರೆ ಬರುವ ಹೊತ್ತು ಯಾವುದು ನೋಡಿ. ಒಂದು ಗಂಟೆ ಅಂತಿಟ್ಟುಕೊಳ್ಳಿ. ಒಂದೆರಡು ದಿನ ಒಂದಕ್ಕೇ ಮಲಗಿ, ಆಮೇಲೆ ಹನ್ನೆರಡೂವರೆ, ಹನ್ನೆರಡು, ಹೀಗೆ ಮೆಲ್ಲ ಮೆಲ್ಲ ಹಿಂದೆ ತನ್ನಿ. ಏಳುವ ಹೊತ್ತು ಮಾತ್ರ ಬದಲಾಯಿಸಬೇಡಿ, ಎಷ್ಟೇ ತಡವಾಗಿ ಮಲಗಿದರೂ ಆರೂವರೆಗೆ ಎದ್ದು ಹೊರಗೆ ಬನ್ನಿ. ಮಳೆಗಾಲದ ಮೋಡ ಇದ್ದರೂ ಹೊರಗಿನ ಬೆಳಕು ಒಳಗಿನ ಟ್ಯೂಬ್‌ಲೈಟಿಗಿಂತ ಎಷ್ಟೋ ಪಾಲು ಜಾಸ್ತಿ. ಮಧ್ಯಾಹ್ನ ಊಟದ ಮೇಲೆ ತಡೆಯಲಾಗದಿದ್ದರೆ ಅರ್ಧ ಗಂಟೆ ಮಲಗಿ, ಮೂರು ಗಂಟೆಯ ನಂತರ ಬೇಡ. ರಾತ್ರಿ ಎರಡಕ್ಕೆ ಎಚ್ಚರವಾಗಿ ಮತ್ತೆ ನಿದ್ರೆ ಬರದಿದ್ದರೆ ಎದ್ದು ಚಾವಡಿಯಲ್ಲಿ ಸಣ್ಣ ಬೆಳಕಿನಲ್ಲಿ ಕೂತು, ಕಣ್ಣು ಎಳೆದಾಗ ಹೋಗಿ ಮಲಗಿ. ಮೊಬೈಲ್ ಮುಟ್ಟಬೇಡಿ.

ಚಾ ಕಾಫಿ. ಮೇಳದಲ್ಲಿ ನಡುರಾತ್ರಿ ಚಾ ಕುಡಿದು ಅಭ್ಯಾಸ ಆಗಿರುತ್ತದೆ. ಕುಡಿದ ಐದು ಗಂಟೆಯ ನಂತರವೂ ಕೆಫೀನ್ ಅರ್ಧದಷ್ಟು ಮೈಯಲ್ಲೇ ಇರುತ್ತದೆ. ಸಂಜೆ ನಾಲ್ಕರ ಚಾ ಕೊನೆಯದ್ದಾಗಲಿ.

ಮೊಣಕಾಲಿನ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಊದಿಕೊಂಡಿದೆಯಾ? ನಡೆಯುವಾಗ ಸಿಕ್ಕಿಹಾಕಿಕೊಂಡ ಹಾಗೆ ಆಗುತ್ತದಾ? ಮೆಟ್ಟಿಲು ಇಳಿಯುವಾಗ ಕಾಲು ಕುಸಿದಂತಾಗುತ್ತದಾ? ಇದರಲ್ಲಿ ಒಂದಿದ್ದರೂ ಹೆಂಚು, ಬ್ಯಾಂಕು ಎಲ್ಲಕ್ಕಿಂತ ಮೊದಲು ಮೂಳೆ ಡಾಕ್ಟರಿಗೆ ತೋರಿಸಿ. ನೋವಿನ ಮಾತ್ರೆ ನುಂಗಿ ಆಟಕ್ಕೆ ನಿಲ್ಲುವ ಕಲಾವಿದರನ್ನು ನಾವು ವಾರ್ಡಿನಲ್ಲಿ ನೋಡುತ್ತೇವೆ, ಬರುವುದು ತೀರಾ ತಡವಾಗಿ. ದಿನಾ ಮಾತ್ರೆ ನುಂಗಿದರೆ ಹೊಟ್ಟೆಗೂ ಕಿಡ್ನಿಗೂ ಕೇಡು. ಇವು ಯಾವುದೂ ಇಲ್ಲದೆ ಬರೀ ನೋವಾದರೆ, ಕೆಲವು ವಾರ ಕುಕ್ಕರುಗಾಲಿನಲ್ಲಿ ಕೂರಬೇಡಿ. ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೇರ ಚಾಚಿ, ತೊಡೆಯ ಸ್ನಾಯು ಬಿಗಿಯಾಗುವಂತೆ ಐದು ಸೆಕೆಂಡ್ ಹಿಡಿದು ಇಳಿಸಿ. ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ. ತೊಡೆ ಗಟ್ಟಿಯಾದರೆ ಮೊಣಕಾಲಿಗೆ ಬೀಳುವ ಪೆಟ್ಟು ಕಡಿಮೆ.

ತೂಕವನ್ನೂ ನೋಡಿಕೊಳ್ಳಿ. ರಾತ್ರಿಯಿಡೀ ಕುಣಿಯುವಾಗ ಉಣ್ಣುವಷ್ಟೇ ಅನ್ನವನ್ನು ಮನೆಯಲ್ಲಿ ಕೂತು ಉಂಡರೆ ಆಟಿ ಮುಗಿಯುವಾಗ ವೇಷದ ದಗಲೆ (ಅಂಗಿ) ಬಿಗಿಯಾಗುತ್ತದೆ. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮೊಣಕಾಲಿನ ಮೇಲೆ ನಾಲ್ಕು ಕಿಲೋದಷ್ಟು ಭಾರ ಇಳಿಯುತ್ತದೆ. ಏರಿದರೂ ಅದೇ ಲೆಕ್ಕ.


ಪುಂಡುವೇಷ ಬರೆದದ್ದು:

ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ಪ್ರೀತಿಯಿಂದ ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ.

ಮದ್ದಳೆಮನೆ ಅಕ್ಕ ಬರೆದದ್ದನ್ನು ಹೆಂಡತಿಗೆ ಓದಿ ಹೇಳಿದೆ. ಅವಳು ಏನೂ ಹೇಳಲಿಲ್ಲ, ಫೋನು ತೆಗೆದುಕೊಂಡು ಇನ್ನೊಮ್ಮೆ ತಾನೇ ಓದಿದಳು. ಆಮೇಲೆ ಪಡಿತರ ತರುವುದು, ಅಮ್ಮನ ಮಾತ್ರೆ ನೋಡಿಕೊಳ್ಳುವುದು ನಿಮ್ಮದು ಅಂದಳು. ಆಗಲಿ ಅಂತ ಒಪ್ಪಿಕೊಂಡಿದ್ದೇನೆ. ಪುಸ್ತಕಕ್ಕೆ ಬೈಂಡ್ ಹಾಕುವುದೂ ನನಗೇ ಬಂತು.

ಹೆಂಚಿನವರಿಗೆ ಹೇಳಿದ್ದೇನೆ, ನಾಳೆ ಬರುತ್ತಾರೆ. ಚಿಕ್ಕಮೇಳದವರಿಗೆ ಜೂನ್ ನಡುವಿನಿಂದ ಬರುತ್ತೇನೆ ಅಂದೆ. ಅವರೂ ಒಪ್ಪಿದರು. ಬೆಂಗಳೂರಿನ ಎರಡು ಆಟ ಮೊದಲೇ ಮಾತಾಗಿದೆ, ಅದನ್ನು ಬಿಡುವ ಹಾಗಿಲ್ಲ, ಹೊಸದು ಒಪ್ಪುವುದಿಲ್ಲ.

ಕಾಲು ಊದಿಕೊಂಡಿಲ್ಲ, ಸಿಕ್ಕಿಹಾಕಿಕೊಳ್ಳುವುದೂ ಇಲ್ಲ. ಆದರೂ ಅಮ್ಮನನ್ನು ಕರೆದುಕೊಂಡು ಹೋಗುವ ದಿನ ನಾನೂ ತೋರಿಸಿಕೊಂಡು ಬರುತ್ತೇನೆ.

ಹಿರಿಯರಲ್ಲಿ ಇನ್ನೊಂದು ಕೇಳಬೇಕಿತ್ತು. ಹೆಜ್ಜೆ ಅಭ್ಯಾಸ ಪೂರ್ತಿ ನಿಲ್ಲಿಸಬಹುದಾ? ನಿಲ್ಲಿಸಿದರೆ ದೀಪಾವಳಿ ಹೊತ್ತಿಗೆ ಮೈ ಜಡವಾಗುತ್ತದೆ ಅಂತ ಹೆದರಿಕೆ. ಮತ್ತೆ ಈ ಮಳೆಗಾಲದಲ್ಲಿ ಸ್ವಲ್ಪ ಅರ್ಥ ಹೇಳುವುದನ್ನು ಕಲಿಯಬೇಕು ಅಂತಲೂ ಉಂಟು. ಪುಂಡುವೇಷದಲ್ಲಿ ನಮಗೆ ಕುಣಿತವೇ ಜಾಸ್ತಿ. ಮಾತಿಗೆ ನಿಂತಾಗ ಎದುರಿನವರು ವಾದಕ್ಕೆ ಹಿಡಿದರೆ ಕಷ್ಟವಾಗುತ್ತದೆ.


ಹಳೇಚೌಕಿ ಬರೆದದ್ದು:

ಪೂರ್ತಿ ನಿಲ್ಲಿಸಬೇಡಿ. ಮೊದಲ ತಿಂಗಳು ದಿಗಿಣ ಬೇಡ, ಹಾರುವುದು ಬೇಡ. ನೆಲದಿಂದ ಕಾಲು ಏಳದ ಹಾಗೆ ತಾಳಕ್ಕೆ ಬರೀ ಹೆಜ್ಜೆ, ಬರಿಗಾಲಿನಲ್ಲಿ, ಸಾಧ್ಯವಾದರೆ ಮಣ್ಣಿನ ಅಂಗಳದಲ್ಲಿ. ಸಿಮೆಂಟಿನ ನೆಲದಲ್ಲಿ ಬೇಡವೇ ಬೇಡ. ಇಪ್ಪತ್ತು ನಿಮಿಷ ಸಾಕು. ಆಟಿ ಕಳೆದ ಮೇಲೆ ಮೆಲ್ಲ ಏರಿಸಿ. ನವರಾತ್ರಿಯ ಹೊತ್ತಿಗೆ ದಿಗಿಣ ಶುರು ಮಾಡಿದರೆ ದೀಪಾವಳಿಗೆ ಸರಿಯಾಗುತ್ತದೆ.

ಕೇರಳದ ಕಥಕಳಿಯವರು ಇದನ್ನು ಎಷ್ಟು ಅಚ್ಚುಕಟ್ಟಾಗಿ ಮಾಡುತ್ತಾರೆ ಅಂದರೆ ನನಗೆ ಅವರನ್ನು ಕಂಡರೆ ಗೌರವ. ಚೆರುತುರುತ್ತಿಯ ಕೇರಳ ಕಲಾಮಂಡಲಂ 1930ರಲ್ಲಿ ಶುರುವಾದದ್ದು. ಅಲ್ಲಿ ವಿದ್ಯಾರ್ಥಿಗಳಿಗೆ ಮಳೆಗಾಲದಲ್ಲೇ ಉಳಿಚ್ಚಿಲ್. ಮೈಗೆಲ್ಲ ಎಣ್ಣೆ ಹಚ್ಚಿ, ಗುರುಗಳು ಕಾಲಿನಿಂದ ತುಳಿದು ತಿಕ್ಕುತ್ತಾರೆ. ಅದು ಕಲಿಕೆಯ ಒಂದು ಭಾಗ, ಹೆಚ್ಚುವರಿ ಅಲ್ಲ. ಮಳೆಗಾಲವನ್ನು ಮೈ ಸರಿಮಾಡಿಕೊಳ್ಳುವ ಕಾಲ ಅಂತಲೇ ಅವರು ಇಟ್ಟುಕೊಂಡಿದ್ದಾರೆ. ನಮ್ಮ ಮೇಳಗಳಲ್ಲೂ ಇಂಥದ್ದು ಬರಬೇಕು ಅಂತ ನನ್ನ ದೊಡ್ಡ ಆಸೆ. ಹಾಗಂತ ಗೊತ್ತಿಲ್ಲದವರ ಕೈಯಲ್ಲಿ ಮೊಣಕಾಲು ತಿಕ್ಕಿಸಿಕೊಳ್ಳಬೇಡಿ. ಡಾಕ್ಟರು ನೋಡಿ ಆಗಬಹುದು ಅಂದ ಮೇಲೆ, ಒಳ್ಳೆಯ ಆಯುರ್ವೇದ ವೈದ್ಯರಲ್ಲಿ ಹೋಗಿ.

ಅರ್ಥದ ವಿಷಯಕ್ಕೆ ತಾಳಮದ್ದಳೆಯಷ್ಟು ಒಳ್ಳೆಯ ಪಾಠಶಾಲೆ ಇಲ್ಲ. ವೇಷ ಇಲ್ಲ, ಕುಣಿತ ಇಲ್ಲ, ಕಾಲಿಗೆ ಪೂರ್ತಿ ರಜೆ, ನಾಲಿಗೆಗೆ ಮಾತ್ರ ಕೆಲಸ. ಮೊದಲ ನಾಲ್ಕೈದು ಕೂಟ ಸುಮ್ಮನೆ ಕೂತು ಕೇಳಿ. ಆಮೇಲೆ ಸಣ್ಣ ಪಾತ್ರದ ಅರ್ಥ ಕೇಳಿಕೊಳ್ಳಿ. ಕೃಷ್ಣಸಂಧಾನ ಪ್ರಸಂಗದಲ್ಲಿ ವಿದುರನ ಪಾತ್ರ ಸಿಕ್ಕಿದರೆ ಅದಕ್ಕಿಂತ ಒಳ್ಳೆಯ ಆರಂಭ ಇಲ್ಲ, ಕೃಷ್ಣನ ಎದುರು ಕೂರುತ್ತೀರಿ, ವಾದಕ್ಕೆ ಯಾರೂ ಹಿಡಿಯುವುದಿಲ್ಲ, ಭಕ್ತಿಯ ನಾಲ್ಕು ಮಾತು ಹದವಾಗಿ ಆಡಿದರೆ ಸಾಕು. ಪ್ರಸಂಗದ ಪದ ಮೊದಲು ಬಾಯಿಪಾಠ ಆಗಲಿ, ಭಾಗವತರು ಯಾವ ಪದ ಎತ್ತುತ್ತಾರೆ ಅಂತ ಗೊತ್ತಿಲ್ಲದೆ ಅರ್ಥಕ್ಕೆ ಕೂರಬಾರದು.

ರಾತ್ರಿಯ ಕೂಟಗಳಿಗೆ ಈಗ ಹೋಗಬೇಡಿ, ನಿದ್ರೆ ಮತ್ತೆ ಕೆಡುತ್ತದೆ. ಭಾನುವಾರ ಮಧ್ಯಾಹ್ನದ ಕೂಟಗಳು ಬೇಕಾದಷ್ಟು ಇರುತ್ತವೆ. ನೀವು ಯಾವ ತಾಲೂಕಿನವರು ಅಂತ ಬರೆಯಿರಿ, ಪುತ್ತೂರು, ಬಂಟ್ವಾಳದ ಕಡೆಯವರಾದರೆ ನಾನೇ ಸಂಘದವರಿಗೆ ಒಂದು ಮಾತು ಹೇಳುತ್ತೇನೆ.